ಗೂಗಲ್ ಮ್ಯಾಪ್ಸ್: ದಾರಿ ಕಲಿಯಬೇಕೆನ್ನುವವರಿಗೆ ಒಂದು ವಿಮರ್ಶೆ

ಮ್ಯಾಪ್ ಆ್ಯಪ್‌ಗಳ ವಿಮರ್ಶೆಯಲ್ಲಿ ಸಾಮಾನ್ಯವಾಗಿ ನೋಡುವುದು ಎರಡೇ: ಹೇಳಿದ ಹೊತ್ತಿಗೆ ತಲುಪಿಸಿತೇ, ತಪ್ಪು ಗಲ್ಲಿಗೆ ನುಗ್ಗಿಸಿತೇ. ಇಲ್ಲಿನ ಅಳತೆಗೋಲು ಬೇರೆ. ಒಂದೇ ಜಾಗಕ್ಕೆ ಆರು ತಿಂಗಳಿಂದ ಮ್ಯಾಪ್ ಹಾಕಿಕೊಂಡು ಹೋಗುತ್ತಿರುವವರು ಫೋನಿನ ಬ್ಯಾಟರಿ ಮುಗಿದ ದಿನ ಮನೆ ಸೇರಬಲ್ಲರೇ? ದಿನಾ ದಾಟುವ ಸಿಗ್ನಲ್ ಹತ್ತಿರ ರಸ್ತೆ ಅಗೆದಿದ್ದರೆ, ಪಕ್ಕದ ರಸ್ತೆ ಎಲ್ಲಿಗೆ ಹೋಗಿ ಕೂಡುತ್ತದೆ ಎಂದು ಅಂದಾಜು ಮಾಡಬಲ್ಲರೇ? ಆ್ಯಪ್ ಬಳಸಿದ ಮೇಲೆ ತಲೆಯಲ್ಲಿ ಊರಿನ ನಕ್ಷೆ ಏನಾದರೂ ಉಳಿಯುತ್ತದೆಯೇ ಎಂಬುದು ಪ್ರಶ್ನೆ.

ಅಂಕ ಮೊದಲೇ ಹೇಳಿಬಿಡೋಣ. ತಲುಪಿಸುವುದಕ್ಕೆ ಹತ್ತಕ್ಕೆ ಎಂಟೂವರೆ. ಕಲಿಸುವುದಕ್ಕೆ, ಇನ್‌ಸ್ಟಾಲ್ ಮಾಡಿದ ಹಾಗೇ ಬಿಟ್ಟರೆ, ಮೂರು. ಎರಡು ಮೂರು ಸೆಟ್ಟಿಂಗ್ ಬದಲಿಸಿ, ಬಳಸುವ ಕ್ರಮವನ್ನೂ ಬದಲಿಸಿದರೆ ಏಳು. ಮೂರರಿಂದ ಏಳಕ್ಕೆ ಹೋಗಲು ಕಾಸು ಖರ್ಚಿಲ್ಲ, ಮೊದಲ ವಾರ ಸ್ವಲ್ಪ ತಾಳ್ಮೆ ಬೇಕು ಅಷ್ಟೇ.

ಮೂರು ಯಾಕೆ ಎನ್ನುವುದಕ್ಕೆ ಮಿದುಳಿನ ಲೆಕ್ಕ ಸ್ವಲ್ಪ ಗೊತ್ತಿರಬೇಕು. ದಾರಿಯನ್ನು ಮಿದುಳು ಎರಡು ಬಗೆಯಲ್ಲಿ ಇಟ್ಟುಕೊಳ್ಳುತ್ತದೆ. ಒಂದು, ರೂಢಿ: ಪೆಟ್ರೋಲ್ ಬಂಕ್ ಬಂತು, ಎಡಕ್ಕೆ, ಬೇಕರಿ ಬಂತು, ಬಲಕ್ಕೆ. ಇದು ಕಾಲಿಗೂ ಸ್ಟೇರಿಂಗಿಗೂ ಆಗುವ ಅಭ್ಯಾಸ. ಸಂಜೆ ಗಾಡಿಯ ಎತ್ತು ತಾನಾಗಿ ಮನೆದಾರಿ ಹಿಡಿಯುವ ಹಾಗೆ. ಮಿದುಳಿನ ಒಳಭಾಗದ ಕಾಡೇಟ್ ನ್ಯೂಕ್ಲಿಯಸ್ ಇದರ ಮುಖ್ಯ ಜಾಗ. ಇನ್ನೊಂದು, ನಕ್ಷೆ: ಯಾವುದು ಯಾವುದರ ಯಾವ ದಿಕ್ಕಿಗೆ, ಎಷ್ಟು ದೂರಕ್ಕೆ ಇದೆ ಎನ್ನುವ ಜ್ಞಾನ. ಇದು ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗ ಮತ್ತು ಅದರ ನೆರೆಯ ಭಾಗಗಳ ಕೆಲಸ. 1971ರಲ್ಲಿ ಲಂಡನ್ನಿನಲ್ಲಿ ಜಾನ್ ಓಕೀಫ್ ಇಲಿಯ ಹಿಪ್ಪೊಕ್ಯಾಂಪಸ್‌ನಲ್ಲಿ ಒಂದೊಂದು ಜಾಗಕ್ಕೆ ಬಂದಾಗ ಮಾತ್ರ ಮಿಡಿಯುವ ಕೋಶಗಳನ್ನು ಕಂಡರು. 2005ರಲ್ಲಿ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಮೇ-ಬ್ರಿಟ್ ಮೋಸರ್, ಎಡ್ವರ್ಡ್ ಮೋಸರ್ ಅವರ ತಂಡ ಪಕ್ಕದ ಎಂಟೋರೈನಲ್ ಕಾರ್ಟೆಕ್ಸಿನಲ್ಲಿ ಗ್ರಿಡ್ ಕೋಶಗಳನ್ನು ಕಂಡಿತು. ಇವು ನೆಲದ ಮೇಲೆ ಜೇನುಗೂಡಿನಂಥ ಆರುಮೂಲೆಯ ವಿನ್ಯಾಸದಲ್ಲಿ ಮಿಡಿಯುತ್ತವೆ, ಗ್ರಾಫ್ ಹಾಳೆಯ ಗೆರೆಗಳ ಹಾಗೆ ಜಾಗ ಅಳೆಯಲು ನೆರವಾಗುತ್ತವೆ. ಮೂವರಿಗೂ 2014ರಲ್ಲಿ ನೊಬೆಲ್ ಬಂತು. ತಲೆ ಯಾವ ದಿಕ್ಕಿಗೆ ತಿರುಗಿದೆ ಎಂದು ಲೆಕ್ಕ ಇಡುವ ಕೋಶಗಳೂ ಇವೆ. ಕಣ್ಣಿಗೆ ಕಾಣುವ ಸ್ಥಿರ ಗುರುತುಗಳನ್ನು ನೋಡಿ ಅವು ಆ ಲೆಕ್ಕವನ್ನು ಸರಿಪಡಿಸಿಕೊಳ್ಳುತ್ತಿರುತ್ತವೆ. ಈ ಮಾತು ಮುಂದೆ ಬೇಕಾಗುತ್ತದೆ.

ಎರಡೂ ಬಗೆ ಒಟ್ಟಿಗೇ ನಡೆಯುತ್ತಿರುತ್ತವೆ ಎಂದು ತೋರಿಸಿದ ಪ್ರಯೋಗ ಬಲು ಚೆಂದ. 1996ರಲ್ಲಿ ಪ್ಯಾಕರ್ಡ್ ಮತ್ತು ಮೆಗಾ ಎಂಬ ವಿಜ್ಞಾನಿಗಳು ಪ್ಲಸ್ ಆಕಾರದ ಓಣಿಗಳಲ್ಲಿ ಇಲಿಗಳನ್ನು ಒಂದೇ ತುದಿಯಿಂದ ಬಿಟ್ಟು, ಒಂದೇ ಕಡೆ ಆಹಾರ ಇಟ್ಟು ಕಲಿಸಿದರು. ಎಂಟನೇ ದಿನ ಎದುರು ತುದಿಯಿಂದ ಬಿಟ್ಟಾಗ ಹೆಚ್ಚಿನ ಇಲಿಗಳು ಆಹಾರವಿದ್ದ ಜಾಗಕ್ಕೇ ಹೋದವು, ಅಂದರೆ ತಿರುವನ್ನು ತಾವೇ ಬದಲಿಸಿಕೊಂಡವು. ಹದಿನಾರನೇ ದಿನದ ಹೊತ್ತಿಗೆ ಹೆಚ್ಚಿನವು ಹಳೆಯ ತಿರುವನ್ನೇ ತಿರುಗಿ ತಪ್ಪು ಕಡೆ ಹೋದವು. ಆಗ ಮದ್ದು ಹಾಕಿ ಕಾಡೇಟ್ ಭಾಗವನ್ನು ಸ್ವಲ್ಪ ಹೊತ್ತು ಮಂಕಾಗಿಸಿದರೆ, ಅವೇ ಇಲಿಗಳು ಮತ್ತೆ ಸರಿಯಾದ ಜಾಗಕ್ಕೆ ಹೋದವು! ನಕ್ಷೆ ಅಳಿಸಿಹೋಗಿರಲಿಲ್ಲ, ರೂಢಿ ಅದರ ಮೇಲೆ ಕೂತಿತ್ತು. ದಿನನಿತ್ಯ ಆಫೀಸಿಗೆ ಹೋಗುವ ದಾರಿಗೂ ಇದೇ ಗತಿ. ರಜಾ ದಿನ ಬೇರೆಲ್ಲಿಗೋ ಹೊರಟ ಗಾಡಿ ಆಫೀಸ್ ರಸ್ತೆಗೇ ತಿರುಗುವುದು ಇದಕ್ಕೇ.

ಈಗ ಆ್ಯಪ್ ಮಾಡುವ ಕೆಲಸ ನೋಡಿ. 'ಮುನ್ನೂರು ಮೀಟರ್ ನಂತರ ಎಡಕ್ಕೆ ತಿರುಗಿ.' ಇದು ರೂಢಿಯ ಭಾಷೆ, ಅದೂ ಅರ್ಧ ರೂಢಿ. ಸ್ವಂತ ರೂಢಿಗೆ ಬೇಕರಿ, ಬಂಕ್ ಎಂಬ ಗುರುತಾದರೂ ಬೇಕು. ಇಲ್ಲಿ ಗುರುತಿನ ಜಾಗದಲ್ಲಿ ದನಿ ಬಂದು ಕೂತಿದೆ. ದನಿ ನಿಂತರೆ ತಿರುವೂ ಇಲ್ಲ. 2017ರಲ್ಲಿ ಲಂಡನ್ ವಿಶ್ವವಿದ್ಯಾಲಯ ಕಾಲೇಜಿನ ತಂಡ 24 ಮಂದಿಯನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಸೋಹೋ ಪ್ರದೇಶದ ಬೀದಿಗಳ ಚಿತ್ರದಲ್ಲಿ ದಾರಿ ಹುಡುಕಿಸಿತು. ತಾವೇ ಹುಡುಕುವಾಗ ಹೊಸ ಬೀದಿಗೆ ಕಾಲಿಟ್ಟ ಕೂಡಲೇ ಹಿಪ್ಪೊಕ್ಯಾಂಪಸ್ ಮತ್ತು ಹಣೆಯ ಹಿಂದಿನ ಪ್ರಿಫ್ರಂಟಲ್ ಭಾಗ ಚುರುಕಾಗುತ್ತಿತ್ತು. ಕವಲುಗಳು ಹೆಚ್ಚಿದಷ್ಟೂ ಹೆಚ್ಚು. ಎಡ-ಬಲ ಎಂದು ಹೇಳಿಕೊಟ್ಟಾಗ ಆ ಏರಿಳಿತವೇ ಇರಲಿಲ್ಲ. ಜಪಾನಿನಲ್ಲಿ 2008ರಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಜಿಪಿಎಸ್ ಹಿಡಿದು ನಡೆದವರು ಹೆಚ್ಚು ದೂರ ನಡೆದರು, ಹೆಚ್ಚು ಸಲ ನಿಂತರು. ಆಮೇಲೆ ಅದೇ ದಾರಿಯ ನಕ್ಷೆ ಬರೆಯಲು ಹೇಳಿದರೆ, ಒಮ್ಮೆ ಜೊತೆಯಲ್ಲಿ ನಡೆಸಿ ತೋರಿಸಿಕೊಂಡವರಿಗಿಂತ ಕೆಟ್ಟದಾಗಿ ಬರೆದರು.

ಹಾಗೆಂದು 'ಮ್ಯಾಪ್ ನೋಡಿದರೆ ಮಿದುಳು ಕುಗ್ಗುತ್ತದೆ' ಎಂಬ ವಾಟ್ಸಾಪ್ ಮಾತು ಬೇಡ. 2020ರಲ್ಲಿ ಬಂದ ಅಧ್ಯಯನವೊಂದು ಜಿಪಿಎಸ್ ಹೆಚ್ಚು ಬಳಸುವವರ ದಾರಿಯ ನೆನಪು ಹೆಚ್ಚು ಇಳಿದಿತ್ತು ಎಂದಿತು. ಆದರೆ ಮೂರು ವರ್ಷದ ನಂತರ ಮತ್ತೆ ಪರೀಕ್ಷೆಗೆ ಸಿಕ್ಕವರು 13 ಜನ. ಅಷ್ಟರಿಂದ ತೀರ್ಪು ಕೊಡಲಾಗದು. ಲಂಡನ್ನಿನ ಟ್ಯಾಕ್ಸಿ ಚಾಲಕರ ಮಾತು ಇದಕ್ಕಿಂತ ಗಟ್ಟಿ. ಊರಿನ ಸುಮಾರು 25,000 ಬೀದಿ ಕಲಿತ ಅವರ ಹಿಪ್ಪೊಕ್ಯಾಂಪಸ್‌ನ ಹಿಂಭಾಗ ದೊಡ್ಡದಾಗಿತ್ತು ಎಂದು 2000ದಲ್ಲಿ ಎಲಿನರ್ ಮಗ್ವಾಯರ್ ತಂಡ ತೋರಿಸಿತು. ಅದೇ ಊರಿನಲ್ಲಿ ಅಷ್ಟೇ ವರ್ಷ ಗಾಡಿ ಓಡಿಸಿದ ಬಸ್ ಚಾಲಕರ ಜೊತೆ ಹೋಲಿಸಿ ನೋಡಿದಾಗಲೂ ಟ್ಯಾಕ್ಸಿಯವರದೇ ದೊಡ್ಡದು. ಬಸ್ಸಿನದು ಗೊತ್ತುಮಾಡಿದ ರೂಟು. ಅಲ್ಲಿ ಆಯ್ಕೆ ಇಲ್ಲ. ನೀಲಿ ಗೆರೆ ಹಿಡಿದು ಹೋಗುವವರು ಎಷ್ಟು ಊರು ತಿರುಗಿದರೂ ಬಸ್ ಚಾಲಕರ ಸಾಲಿಗೆ ಸೇರಿದವರು.

ಸೆಟ್ಟಿಂಗ್‌ಗೆ ಬರೋಣ. ಬದಲಿಸಬೇಕಾದ ಮೊದಲನೆಯದು ನಕ್ಷೆಯ ದಿಕ್ಕು. ನ್ಯಾವಿಗೇಷನ್ ಶುರುವಾದಾಗ ನಾವು ಹೋಗುವ ಕಡೆ ಮೇಲಿರುವಂತೆ ನಕ್ಷೆ ತಿರುಗುತ್ತಲೇ ಇರುತ್ತದೆ. ಮುಂದಿನ ತಿರುವಿಗೆ ಇದು ಸುಲಭ. ಊರಿನ ಚಿತ್ರ ಕೂಡಿಕೊಳ್ಳಲು ಶತ್ರು. ಹೋಗುವಾಗ ಲಾಲ್‌ಬಾಗ್ ಪರದೆಯ ಬಲಕ್ಕೆ, ಬರುವಾಗ ಎಡಕ್ಕೆ ಕಂಡರೆ ತಲೆಯಲ್ಲಿ ಎರಡು ಲಾಲ್‌ಬಾಗ್ ಆಗುತ್ತವೆ. ಪ್ರೊಫೈಲ್ ಚಿತ್ರ ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ನ್ಯಾವಿಗೇಷನ್‌ಗೆ ಹೋಗಿ 'ಕೀಪ್ ಮ್ಯಾಪ್ ನಾರ್ತ್ ಅಪ್' ಎಂಬುದನ್ನು ಆನ್ ಮಾಡಿ. ಓಡುತ್ತಿರುವಾಗಲೂ ಪರದೆಯ ದಿಕ್ಸೂಚಿ ಗುರುತನ್ನು ಒತ್ತಿ ಬದಲಿಸಬಹುದು. ಗಾಡಿ ನಿಲ್ಲಿಸಿ ಒತ್ತಿ. ಮೊದಲ ಮೂರ್ನಾಲ್ಕು ದಿನ ದಕ್ಷಿಣಕ್ಕೆ ಹೋಗುವಾಗ ಎಡ-ಬಲ ತಿರುಗುಮುರುಗಾಗಿ ಖಂಡಿತ ಒಂದು ತಿರುವು ತಪ್ಪುತ್ತದೆ. ಅವಸರವಿಲ್ಲದ ಓಡಾಟದಲ್ಲಿ ಅಭ್ಯಾಸ ಮಾಡಿ, ಆಸ್ಪತ್ರೆಗೆ ಹೊರಟಾಗ ಬೇಡ.

ಉತ್ತರ ಮೇಲಿರುವ ನಕ್ಷೆ ನಮಗೆ ಹೊರಗಿನದಲ್ಲ. ಸೈಟ್ ಕೊಳ್ಳುವಾಗ ಪೂರ್ವದ ಬಾಗಿಲೋ ಉತ್ತರದ ಬಾಗಿಲೋ ಎಂದು ಕೇಳುವವರು ನಾವು. ಮೂಡುಬಿದಿರೆ, ಪಡುಬಿದ್ರಿ ಎಂದು ಊರಿನ ಹೆಸರಲ್ಲೇ ದಿಕ್ಕು ಇಟ್ಟವರು, ಯಕ್ಷಗಾನವನ್ನೂ ತೆಂಕುತಿಟ್ಟು, ಬಡಗುತಿಟ್ಟು ಎಂದು ಹಂಚಿಕೊಂಡವರು. ಆ್ಯಪ್ 'ಈಶಾನ್ಯ ದಿಕ್ಕಿಗೆ ಹೊರಡಿ' ಎಂದಾಗ ತಬ್ಬಿಬ್ಬಾಗುವುದು ವಿಚಿತ್ರವೇ.

ಎರಡನೆಯದು ದನಿ. ಸ್ಪೀಕರ್ ಗುರುತಿನಲ್ಲಿ ಮೂರು ಆಯ್ಕೆ: ಪೂರ್ತಿ ದನಿ, ಎಚ್ಚರಿಕೆ ಮಾತ್ರ, ಮೌನ. ಗೊತ್ತಿಲ್ಲದ ಊರಿನ ಹೆದ್ದಾರಿಯಲ್ಲಿ ಪೂರ್ತಿ ದನಿ ಇರಲಿ. ಎರಡನೇ ಸಲ ಹೋಗುವ ದಾರಿಯಲ್ಲಿ ಎಚ್ಚರಿಕೆ ಮಾತ್ರ. ಮೂರನೇ ಸಲ ಮೌನ. ದನಿ ಬೇಕೇ ಬೇಕಾದರೆ ಕನ್ನಡದ್ದನ್ನೇ ಇಟ್ಟುಕೊಳ್ಳಿ. ಇಂಗ್ಲಿಷ್ ದನಿ ನಮ್ಮ ಬೀದಿ ಹೆಸರುಗಳನ್ನು ಹೇಳುವ ರೀತಿಗೆ ಅವು ಬೋರ್ಡಿನ ಹೆಸರಿಗೆ ತಾಳೆಯಾಗುವುದಿಲ್ಲ, ಗುರುತಾಗಿ ನಿಲ್ಲುವುದೂ ಇಲ್ಲ.

ಮೂರನೆಯದು ಇಡೀ ದಾರಿಯ ನೋಟ. 'ಸ್ಟಾರ್ಟ್' ಒತ್ತುವ ಮೊದಲು ಮೂವತ್ತು ಸೆಕೆಂಡ್ ಪೂರ್ತಿ ಗೆರೆಯನ್ನು ನೋಡಬೇಕು. ಈ ಮೂವತ್ತು ಸೆಕೆಂಡ್ ಉಳಿದೆಲ್ಲ ಸೆಟ್ಟಿಂಗ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ. ಆದರೆ ಬಟನ್ನು ಅಲ್ಲೇ ಕೈಗೆ ಸಿಗುವಂತಿರುವುದರಿಂದ ಯಾರೂ ನೋಡುವುದಿಲ್ಲ. ಆ್ಯಪಿನ ವಿನ್ಯಾಸದಲ್ಲಿ ನಮ್ಮ ದೊಡ್ಡ ಆಕ್ಷೇಪ ಇದೇ.

ನೋಡುವುದು ಎಂದರೇನು? ಉದಾಹರಣೆಗೆ ಜಯನಗರ 4ನೇ ಬ್ಲಾಕಿನಿಂದ ಮಲ್ಲೇಶ್ವರ. ಗೆರೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ತಿರುವು ಇರಬಹುದು. ಅಷ್ಟನ್ನೂ ನೆನಪಿಡುವುದು ಕೆಟ್ಟ ಹಾದಿ. ಐದು ಗಂಟು ಹಿಡಿದರೆ ಸಾಕು: ಸೌತ್ ಎಂಡ್ ಸರ್ಕಲ್, ಲಾಲ್‌ಬಾಗ್ ವೆಸ್ಟ್ ಗೇಟ್, ಟೌನ್ ಹಾಲ್, ಮೈಸೂರು ಬ್ಯಾಂಕ್ ಸರ್ಕಲ್, ಶೇಷಾದ್ರಿಪುರ. ಇವು ದಕ್ಷಿಣದಿಂದ ಉತ್ತರಕ್ಕೆ ಒಂದರ ಮೇಲೊಂದು ಬರುತ್ತವೆ. ನಡುವೆ ಒನ್‌ವೇ ಎತ್ತ ತಿರುಗಿಸಿದರೂ ಉತ್ತರಕ್ಕೆ ಹೋಗುತ್ತಿದ್ದೇನೆ, ಮುಂದಿನ ಗಂಟು ಇದು ಎಂಬ ಎರಡು ಮಾತು ಕೈಬಿಡಬಾರದು. ಮಲ್ಲೇಶ್ವರ ಸೇರಿದ ಮೇಲೆ ಕೆಲಸ ಇನ್ನೂ ಸುಲಭ. ಅಲ್ಲಿ ಸಂಪಿಗೆ ರಸ್ತೆ ಉದ್ದಕ್ಕೆ, ಕ್ರಾಸುಗಳು ಅಡ್ಡಕ್ಕೆ. ಉತ್ತರಕ್ಕೆ ಹೋದಂತೆ ಕ್ರಾಸಿನ ಸಂಖ್ಯೆ ಏರುತ್ತದೆ. 8ನೇ ಕ್ರಾಸ್ ಬಂತು, ಬೇಕಾದದ್ದು 15 ಎಂದರೆ ಇನ್ನೂ ಮುಂದೆ ಹೋಗಬೇಕು ಎಂದು ಯಾವ ಫೋನೂ ಹೇಳಬೇಕಿಲ್ಲ. ಎಲ್ಲ ಬಡಾವಣೆಯಲ್ಲೂ ಇಷ್ಟು ಶಿಸ್ತು ಸಿಗದು. ಜೊತೆಗೆ ಮೇನ್, ಕ್ರಾಸ್ ಸಂಖ್ಯೆ ಪ್ರತಿ ಬ್ಲಾಕಿಗೂ ಸ್ಟೇಜಿಗೂ ಹೊಸದಾಗಿ ಶುರುವಾಗುತ್ತದೆ. ಹುಡುಕುವಾಗ ಬರೀ '5ನೇ ಕ್ರಾಸ್' ಎಂದು ಹಾಕಿದರೆ ಆ್ಯಪ್ ಯಾವ ಬಡಾವಣೆಯದನ್ನು ತೋರಿಸೀತೋ ನಂಬಿಕೆಯಿಲ್ಲ. ಬಡಾವಣೆ, ಬ್ಲಾಕ್, ಮೇನ್ ಮೂರೂ ಸೇರಿಸಿ ಹಾಕಿ.

ಹೊಸದಾಗಿ ಬೆಂಗಳೂರಿಗೆ ಬಂದವರು ಮೊದಲು ಕಟ್ಟಿಕೊಳ್ಳಬೇಕಾದದ್ದು ಅಸ್ಥಿಪಂಜರ. ಊರು ಹಳೆಯ ಹೆದ್ದಾರಿಗಳನ್ನು ಚಕ್ರದ ಅರೆಗಳಂತೆ ಹರಡಿಕೊಂಡಿದೆ, ಅವುಗಳ ಹೆಸರೇ ದಿಕ್ಕು ಹೇಳುತ್ತದೆ: ಬಳ್ಳಾರಿ ರಸ್ತೆ ಉತ್ತರಕ್ಕೆ, ಹಳೇ ಮದರಾಸು ರಸ್ತೆ ಪೂರ್ವಕ್ಕೆ, ಹೊಸೂರು ರಸ್ತೆ ಆಗ್ನೇಯಕ್ಕೆ, ಬನ್ನೇರುಘಟ್ಟ ರಸ್ತೆ ದಕ್ಷಿಣಕ್ಕೆ, ಮೈಸೂರು ರಸ್ತೆ ನೈಋತ್ಯಕ್ಕೆ, ಮಾಗಡಿ ರಸ್ತೆ ಪಶ್ಚಿಮಕ್ಕೆ, ತುಮಕೂರು ರಸ್ತೆ ವಾಯವ್ಯಕ್ಕೆ. ಇದರ ಮೇಲೆ ಹೊರವರ್ತುಲ ರಸ್ತೆಯ ಬಳೆ. ನಡುವೆ ಮೆಜೆಸ್ಟಿಕ್, ಅಲ್ಲಿ ನೇರಳೆ ಮತ್ತು ಹಸಿರು ಮೆಟ್ರೊ ಒಂದನ್ನೊಂದು ದಾಟುತ್ತವೆ. ಹೊಸ ವಿಳಾಸ ಬಂದಾಗಲೆಲ್ಲ ಮೊದಲು ಎರಡು ಅರೆಗಳ ನಡುವೆ ಅದನ್ನು ಇಡಿ, ಬಳೆಯ ಒಳಗೋ ಹೊರಗೋ ನೋಡಿ, ಆಮೇಲೆ ದಾರಿ ಕೇಳಿ. ಹತ್ತಿಪ್ಪತ್ತು ವಿಳಾಸ ಹೀಗೆ ಇಟ್ಟರೆ ಮುಂದಿನವು ತಾವಾಗಿ ಸ್ಥಾನ ಹಿಡಿಯುತ್ತವೆ. ಚೌಕಟ್ಟು ಇದ್ದ ತಲೆಗೆ ಹೊಸದನ್ನು ಸೇರಿಸುವುದು ಅಗ್ಗ. ಮೈಸೂರಿನವರಿಗೆ ಈ ಕಷ್ಟ ಕಡಿಮೆ. ಚಾಮುಂಡಿ ಬೆಟ್ಟ ಊರಿನ ಬಹಳ ಕಡೆಯಿಂದ ಕಾಣುತ್ತದೆ, ದಿಕ್ಕಿನ ಕೋಶಗಳಿಗೆ ಅಂಥ ಗುರುತು ಒಂದಿದ್ದರೆ ಸಾಕು.

ಕಲಿತದ್ದು ನಿಂತಿದೆಯೇ ಎಂದು ಅಳೆಯಲು ಆ್ಯಪಿನಲ್ಲೇ ಒಳ್ಳೆಯ ಸಾಧನವಿದೆ, ಯಾರೂ ಮುಟ್ಟುವುದಿಲ್ಲ. ತಲುಪಿದ ಮೇಲೆ ಫೋನ್ ನೋಡದೆ ಮನೆಯ ಕಡೆಗೆ ಬೆರಳು ತೋರಿಸಿ, ನೇರ ದೂರವನ್ನೂ ಅಂದಾಜು ಮಾಡಿ. ಆಮೇಲೆ ನಕ್ಷೆಯಲ್ಲಿ ಮನೆಯ ಮೇಲೆ ಬೆರಳು ಒತ್ತಿ ಹಿಡಿದರೆ ಕೆಂಪು ಗುರುತು ಬೀಳುತ್ತದೆ. ಅದರ ವಿವರದ ಪಟ್ಟಿಯಲ್ಲಿ 'ಮೆಷರ್ ಡಿಸ್ಟೆನ್ಸ್' ಒತ್ತಿ, ನಡುವಿನ ವೃತ್ತವನ್ನು ಈಗ ನಿಂತಿರುವ ನೀಲಿ ಚುಕ್ಕೆಯವರೆಗೆ ಎಳೆಯಿರಿ. ದಿಕ್ಕೂ ಸಿಕ್ಕಿತು, ದೂರವೂ ಸಿಕ್ಕಿತು. ತಪ್ಪನ್ನು ಗಡಿಯಾರದ ಮುಖದಲ್ಲಿ ಅಳೆಯಿರಿ: ಒಂದು ಗಂಟೆಯ ಅಂತರ ಎಂದರೆ 30 ಡಿಗ್ರಿ. ಒಂದು ಗಂಟೆಯೊಳಗಿದ್ದರೆ ನಕ್ಷೆ ಕೂತಿದೆ. ಕಣ್ಣುಮುಚ್ಚಿ ತೋರಿಸಿದರೂ ಸರಾಸರಿ ತಪ್ಪು 90 ಡಿಗ್ರಿ ಬರುತ್ತದೆ, ಹಾಗಾಗಿ ಮೂರು ಗಂಟೆಯಷ್ಟು ತಪ್ಪಿದರೆ ಏನೂ ಕಲಿತಿಲ್ಲ. ದೂರದಲ್ಲಿ ಬರುವ ತಪ್ಪಿಗೆ ಒಂದು ಜಾಡಿದೆ: ತಿರುವು ಹೆಚ್ಚಿದ್ದ ದಾರಿ ಇದ್ದದ್ದಕ್ಕಿಂತ ಉದ್ದ ಎನಿಸುತ್ತದೆ. ಇನ್ನೊಂದು, ಓರೆಯಾಗಿ ಕೂಡುವ ರಸ್ತೆಗಳನ್ನೂ ತಲೆ ಲಂಬಕೋನಕ್ಕೆ ನೆಟ್ಟಗೆ ಮಾಡಿಡುತ್ತದೆ. ಅಂಥ ಎರಡು ಮೂರು ಸರ್ಕಲ್ ದಾಟಿದರೆ ದಿಕ್ಕು ಪೂರಾ ಹೊರಳಿರುತ್ತದೆ. ಗಾಡಿ ನಿಲ್ಲಿಸಿ ನಕ್ಷೆಯಲ್ಲಿ ಆ ಸರ್ಕಲ್ಲಿನ ನಿಜವಾದ ಕೋನ ಒಮ್ಮೆ ನೋಡಿಕೊಂಡರೆ ಸರಿಹೋಗುತ್ತದೆ.

ಇನ್ನು ಆಯ್ಕೆಯ ವಿಷಯ. ಓಣಿಯ ಕವಲಿನಲ್ಲಿ ಇಲಿ ಅತ್ತ ಇತ್ತ ತಲೆ ಆಡಿಸುತ್ತ ನಿಲ್ಲುತ್ತದೆ. ಆ ನಿಂತ ಗಳಿಗೆಯಲ್ಲಿ ಅದರ ಹಿಪ್ಪೊಕ್ಯಾಂಪಸ್‌ನ ಕೋಶಗಳು ಒಮ್ಮೆ ಎಡ ಓಣಿಯ ಮುಂದಿನ ಜಾಗಗಳನ್ನು, ಒಮ್ಮೆ ಬಲ ಓಣಿಯವನ್ನು ಮಿಡಿಯುವುದನ್ನು 2007ರಲ್ಲಿ ಜಾನ್ಸನ್ ಮತ್ತು ರೆಡಿಷ್ ದಾಖಲಿಸಿದರು. ಕಾಲಿಡುವ ಮೊದಲೇ ಮಿದುಳು ಎರಡೂ ಕಡೆ ನಡೆದು ಬರುತ್ತದೆ. ನಕ್ಷೆ ಇರುವುದು ಈ ಉಪಯೋಗಕ್ಕೆ. ಗೂಗಲ್ ಮ್ಯಾಪ್ಸ್ ಆ ನಿಲುಗಡೆಯನ್ನೇ ಕಿತ್ತುಕೊಳ್ಳುತ್ತದೆ: ಒಂದು ಗೆರೆ ಗಾಢ ನೀಲಿ, ಉಳಿದವು ಮಂಕು, ಪಕ್ಕದಲ್ಲಿ ಇಷ್ಟು ನಿಮಿಷ ಹೆಚ್ಚು ಎಂಬ ಚೀಟಿ. ಮೂರು ನಿಮಿಷಕ್ಕಾಗಿ ಹನ್ನೆರಡು ಹಂಪು, ಸಿಗ್ನಲ್ಲಿಲ್ಲದ ಎರಡು ಬಲತಿರುವು, ಶಾಲೆ ಬಿಡುವ ಹೊತ್ತಿನ ಗಲ್ಲಿ ಒಪ್ಪಿಕೊಳ್ಳುವಿರಾ ಎಂದು ಅದು ಕೇಳುವುದಿಲ್ಲ. ಮಳೆ ಬಂದರೆ ಯಾವ ಅಂಡರ್‌ಪಾಸಿನಲ್ಲಿ ನೀರು ನಿಲ್ಲುತ್ತದೆ ಎಂಬುದು ಆ ಬಡಾವಣೆಯ ಆಟೋದವರಿಗೆ ಗೊತ್ತಿರುತ್ತದೆ.

ಆದ್ದರಿಂದ ಮಂಕು ಗೆರೆಗಳನ್ನೂ ಒತ್ತಿ ನೋಡಿ. ಎರಡು ದಾರಿಗಳು ಎಲ್ಲಿ ಅಗಲುತ್ತವೆ, ಎಲ್ಲಿ ಮತ್ತೆ ಸೇರುತ್ತವೆ ಎಂಬ ಎರಡು ಬಿಂದು ಹಿಡಿದರೆ ಸಾಕು. ಐದು ನಿಮಿಷದೊಳಗಿನ ವ್ಯತ್ಯಾಸವಾದರೆ ವಾರದಲ್ಲಿ ಒಂದು ದಿನ ಮಂಕು ಗೆರೆಯಲ್ಲೇ ಹೋಗಿ. ಆಗ ಎರಡು ದಾರಿ ಸೇರಿ ಒಂದು ಬಳೆಯಾಗುತ್ತದೆ, ಬಳೆಯ ಒಳಗಿನ ಜಾಗವೂ ನಿಮ್ಮದಾಗುತ್ತದೆ. ಗುರಿಯಿಲ್ಲದೆ ಸುತ್ತಿದ್ದೂ ಪೋಲಾಗುವುದಿಲ್ಲ. 1930ರಲ್ಲಿ ಟಾಲ್ಮನ್ ಮತ್ತು ಹಾಂಜಿಕ್ ಆಹಾರ ಇಡದ ಓಣಿಗಳಲ್ಲಿ ಹತ್ತು ದಿನ ಅಲೆಯಲು ಬಿಟ್ಟ ಇಲಿಗಳು, 11ನೇ ದಿನ ಆಹಾರ ಇಟ್ಟ ಮೇಲೆ ಒಂದೆರಡು ದಿನದಲ್ಲೇ ಮೊದಲಿಂದ ಆಹಾರ ಪಡೆಯುತ್ತಿದ್ದವುಗಳನ್ನು ಸರಿಗಟ್ಟಿದವು. ಅಲೆದಾಗಲೇ ಕಲಿತಿದ್ದವು, ತೋರಿಸಲು ಕಾರಣ ಇರಲಿಲ್ಲ ಅಷ್ಟೇ.

ಆ್ಯಪ್ ಕೈಕೊಡುವ ಕಡೆಗಳು ಇವು. ಬಯಲಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಕರಾರುವಾಕ್ಕು. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಬರುವುದರಿಂದ ಚುಕ್ಕೆ ಪಕ್ಕದ ರಸ್ತೆಗೆ ಜಿಗಿಯುತ್ತದೆ. ಬೇಸ್‌ಮೆಂಟಿನಿಂದ ಹೊರಟರೆ ಮೊದಲ ಸೂಚನೆಯನ್ನು ನಂಬಬೇಡಿ. ಹೊರಬಂದು ಚುಕ್ಕೆ ನೆಲೆನಿಲ್ಲುವವರೆಗೆ ಕಾಯಿರಿ. ಚುಕ್ಕೆಯ ಮುಂದಿನ ನೀಲಿ ಬೆಳಕು ಅಗಲವಾಗಿದ್ದರೆ ದಿಕ್ಸೂಚಿಗೆ ದಿಕ್ಕು ಸರಿಯಾಗಿ ಸಿಕ್ಕಿಲ್ಲ ಎಂದರ್ಥ. ಫೋನನ್ನು ಇಂಗ್ಲಿಷ್ ಎಂಟರ ಆಕಾರದಲ್ಲಿ ಕೆಲವು ಸಲ ಆಡಿಸಿ. ಎಲ್ಲಕ್ಕಿಂತ ದುಬಾರಿ ತಪ್ಪು ಮೇಲ್ಸೇತುವೆಯದು. ಮೇಲೆ ಇದ್ದೀರೋ ಕೆಳಗಿನ ಸರ್ವಿಸ್ ರೋಡಿನಲ್ಲೋ ಎಂಬುದು ಚುಕ್ಕೆಗೆ ಸರಿಯಾಗಿ ತಿಳಿಯುವುದಿಲ್ಲ. ಸಿಲ್ಕ್ ಬೋರ್ಡ್ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಎತ್ತರದ ರಸ್ತೆ ಸುಮಾರು 10 ಕಿ.ಮೀ.; ತಪ್ಪಿ ಹತ್ತಿದರೆ ನಡುವೆ ಮನಸ್ಸು ಬಂದಲ್ಲಿ ಇಳಿಯುವಂತಿಲ್ಲ. ಫ್ಲೈಓವರ್ ಹತ್ತಬೇಕೆಂದು ಮೊದಲೇ ಹೇಳುವ ಸೌಲಭ್ಯವನ್ನು 2024ರಲ್ಲಿ ಭಾರತದ ನಗರಗಳಿಗೆ ತಂದಿದ್ದಾರೆ, ಉಪಕಾರವಾಗಿದೆ. ಆದರೂ ಆ ತಿರುವನ್ನು ಸ್ಟಾರ್ಟ್ ಒತ್ತುವ ಮೊದಲೇ ದೊಡ್ಡದು ಮಾಡಿ ನೋಡಿಟ್ಟುಕೊಳ್ಳುವುದೇ ಕ್ಷೇಮ. ಸ್ಕೂಟರಿನವರು ವಾಹನದ ಆಯ್ಕೆಯಲ್ಲಿ ಬೈಕ್ ಗುರುತನ್ನೇ ಹಾಕಬೇಕು. ಕಾರಿನ ದಾರಿಯೂ ಅದರ ನಿಮಿಷಗಳೂ ಬೇರೆ.

ಪರ್ಯಾಯ? ಜನರೇ ಕೂಡಿ ಬರೆಯುವ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್. ಅದನ್ನು ಆಧರಿಸಿದ ಆರ್ಗ್ಯಾನಿಕ್ ಮ್ಯಾಪ್ಸ್, ಆಸ್ಮ್‌ಆ್ಯಂಡ್ ಎಂಬ ಆ್ಯಪ್‌ಗಳು ಇಂಟರ್‌ನೆಟ್ ಇಲ್ಲದೆಯೂ ನಡೆದಾಡುವ ದಾರಿ ತೋರಿಸುತ್ತವೆ. ಕಾಡು, ಬೆಟ್ಟ, ಹಂಪಿಯಂಥ ಕಡೆಗೆ ಒಳ್ಳೆಯವು, ನಗರದ ಟ್ರಾಫಿಕ್ಕಿಗೆ ಅಲ್ಲ. ಗೂಗಲ್ಲಿನ ಆಫ್‌ಲೈನ್ ನಕ್ಷೆಯಲ್ಲಿ ಗಾಡಿಯ ದಾರಿ ಮಾತ್ರ ಸಿಗುತ್ತದೆ, ನಡಿಗೆಯದೂ ಬಸ್ಸಿನದೂ ಇಲ್ಲ. ಚಾರಣಕ್ಕೆ ಅದನ್ನೇ ನಂಬಿ ಹೊರಟವರು ಕಾಡಿನ ಅಂಚಿನಲ್ಲಿ ಕಂಗಾಲಾಗುತ್ತಾರೆ. ಗೋಡೆಗೆ ಅಂಟಿಸುವ ಕಾಗದದ ನಗರ ನಕ್ಷೆ ಸಿಕ್ಕರೆ ಬಿಡಬೇಡಿ. ಅದು ತಿರುಗುವುದಿಲ್ಲ, ಮಾತಾಡುವುದಿಲ್ಲ, ಇಡೀ ಊರನ್ನು ಒಂದೇ ಸಲ ತೋರಿಸುತ್ತದೆ. ವಾರಕ್ಕೊಮ್ಮೆ ಹೋಗಿಬಂದ ಜಾಗಗಳಿಗೆ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟು, ಅಗಲಿದ ಮತ್ತು ಸೇರಿದ ಬಿಂದುಗಳನ್ನು ಗೆರೆಯಿಂದ ಕೂಡಿಸಿ. ಪೆನ್ನು ಬೇಡ, ಒನ್‌ವೇಗಳು ಬದಲಾಗುತ್ತಿರುತ್ತವೆ.